ಸ್ಕಾಟ್ ಆಡುನುಡಿಯ ಬರಹ ಮತ್ತು ಅದರ ಹಾಸ್ಯ

೧

ಆಡಿದಂತೆಯೇ ಬರೆದ ಮಾತನ್ನು ಓದುವಾಗ ನಗೆ ಬರುವುದೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಸುಲಭವಾಗಿ ತೋರಿದರೂ ವಿಚಾರಿಸಿದಷ್ಟೂ ತೊಡಕಾಗುತ್ತದೆ. ಆ ಮಾತನ್ನು ಆಡುವವನ ಬಾಯಿಂದ ಕೇಳಿದರೆ ಅವನ ನೆರೆಹೊರೆಯವರಾರೂ ನಗುವುದಿಲ್ಲ. ಅದೇ ಮಾತು ಕಾಗದದ ಮೇಲೆ ಬಂದೊಡನೆ ನಗೆಯುಕ್ಕುತ್ತದೆ. ಆದುದರಿಂದ ಈ ಹಾಸ್ಯದ ಮೂಲವು ಮಾತಿನಲ್ಲಿಲ್ಲ, ಮಾತಿಗೂ ಬರಹಕ್ಕೂ ನಡುವಣ ಅಂತರದಲ್ಲಿದೆ ಎನ್ನಬೇಕಾಗುತ್ತದೆ. ಇಂತಹ ಅಂತರವು ಎಲ್ಲ ಭಾಷೆಗಳಲ್ಲಿಯೂ ಉಂಟು. ಆದರೆ ಸ್ಕಾಟ್ಲೆಂಡಿನಲ್ಲಿ ಅದು ಪಡೆದಿರುವ ಸೊಗಸನ್ನೂ ಕಹಿಯನ್ನೂ ಒಟ್ಟಿಗೆ ಬೇರೆಡೆ ಕಾಣುವುದು ವಿರಳ. ಕವಿಗಳು, ಕಾದಂಬರಿಕಾರರು, ರಂಗದ ವಿನೋದಗಾರರು, ಈಚೆಗೆ ವಿದ್ಯುತ್ ಜಾಲದ ಮೂಲಕ ಪರಸ್ಪರ ಬರೆದುಕೊಳ್ಳುವ ಸಾಮಾನ್ಯ ಯುವಜನರು, ಇವರೆಲ್ಲರೂ ತಮ್ಮ ಉಚ್ಚಾರಣೆಯನ್ನು ಕಂಡಂತೆ ಕಾಗುಣಿತಕ್ಕಿಳಿಸಿ ನಗಿಸಿದ್ದಾರೆ. ಆ ನಗೆ ಒಂದೇ ತೆರನಾದುದಲ್ಲ. ಕೆಲವೆಡೆ ಅದು ಆಡುವವನನ್ನು ಕುಗ್ಗಿಸುತ್ತದೆ; ಕೆಲವೆಡೆ ಅವನನ್ನು ಕುಗ್ಗಿಸಿದವರನ್ನೇ ಕೆಣಕುತ್ತದೆ. ಈ ಎರಡನ್ನೂ ಬೇರ್ಪಡಿಸಿ ನೋಡದ ವಿಮರ್ಶೆ ಹಾಸ್ಯವನ್ನೂ ಅರಿಯದು, ಭಾಷೆಯನ್ನೂ ಅರಿಯದು.

ಮೊದಲು ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಸ್ಕಾಟ್ಸ್ ಎಂಬ ನುಡಿ ಕೆಟ್ಟುಹೋದ ಇಂಗ್ಲೀಷಲ್ಲ. ಗುಡ್ಡಗಾಡಿನ ಗೇಲಿಕ್ ನುಡಿಯೂ ಅಲ್ಲ. ಗೇಲಿಕ್ ಕೆಲ್ಟಿಕ್ ವರ್ಗಕ್ಕೆ ಸೇರಿದುದು. ಸ್ಕಾಟ್ಸ್ ಪ್ರಾಚೀನ ಇಂಗ್ಲೀಷಿನ ಉತ್ತರದ ಶಾಖೆಯಾದ ನಾರ್ತಂಬ್ರಿಯದ ನುಡಿಯಿಂದ ಇಳಿದುಬಂದುದು. ಎಂದರೆ ಲಂಡನ್ನಿನ ಇಂಗ್ಲೀಷಿಗೆ ಮಗಳಲ್ಲ, ಒಡಹುಟ್ಟಿದವಳು. ೧೪ನೆಯ ಶತಮಾನದಲ್ಲಿ ಬಾರ್ಬರನೂ ತರುವಾಯ ಹೆನ್ರಿಸನ್, ಡನ್ಬಾರ್ ಮೊದಲಾದವರೂ ಅದರಲ್ಲಿ ಕಾವ್ಯರಚನೆ ಮಾಡಿದರು. ೧೫೧೩ರಲ್ಲಿ ಗ್ಯಾವಿನ್ ಡಗ್ಲಸನು ವರ್ಜಿಲ್ ಮಹಾಕವಿಯ ಕಾವ್ಯವನ್ನು ಅದಕ್ಕೆ ಪರಿವರ್ತಿಸಿ ಮುಗಿಸಿದನು. ಆಗ ಅದು ಒಂದು ರಾಜ್ಯದ ಆಸ್ಥಾನಭಾಷೆ. ೧೬೦೩ರಲ್ಲಿ ಎರಡು ಕಿರೀಟಗಳು ಒಬ್ಬನ ತಲೆಗೇರಿದುವು. ೧೭೦೭ರಲ್ಲಿ ಎರಡು ಪಾರ್ಲಿಮೆಂಟುಗಳು ಒಂದಾದುವು. ಅರಸನೂ ಶಾಸನಸಭೆಯೂ ಲಂಡನ್ನಿಗೆ ಹೋದ ಮೇಲೆ ಗೌರವವೂ ಅಲ್ಲಿಗೇ ಹೋಯಿತು. ೧೭೫೨ರಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮನು ತನ್ನ ದೇಶಬಾಂಧವರು ಬರಹದಲ್ಲಿ ವರ್ಜಿಸಬೇಕಾದ ಸ್ಕಾಟ್ ಪ್ರಯೋಗಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ೧೭೮೭ರಲ್ಲಿ ಬೀಟಿಯು ಅಂತಹುದೇ ಇನ್ನೊಂದನ್ನು ಹೊರಡಿಸಿದನು. ತಾಯಿಯಿಂದ ಕಲಿತ ಮಾತನ್ನು ದೋಷಗಳ ಪಟ್ಟಿಯಾಗಿ ಓದಬೇಕಾಗಿ ಬಂದ ಜನರ ಹಾಸ್ಯ ಇದು ಎಂಬುದನ್ನು ಮರೆಯಲಾಗದು.

೨

ಆಡುನುಡಿಯನ್ನು ಬರೆಯುವ ಕ್ರಮದಲ್ಲಿ ಸ್ಕಾಟ್ ಲೇಖಕರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು ಪರಂಪರಾಗತವಾದ ಸ್ಕಾಟ್ಸ್ ಕಾಗುಣಿತ. ಮನೆ ಎಂಬರ್ಥದ ಶಬ್ದವನ್ನು ಇಂಗ್ಲೀಷಿನವರು ‘ಹೌಸ್’ ಎಂದರೆ ಇವರು ‘ಹೂಸ್’ ಎನ್ನುವರು. ‘ಡೌನ್’ ಎಂಬುದು ‘ಡೂನ್’, ‘ಔಟ್’ ಎಂಬುದು ‘ಊಟ್’. ಓದುವ ಇಂಗ್ಲೀಷಿನವನಿಗೆ ಇದು ವಿಕಾರವಾಗಿ ತೋರುತ್ತದೆ. ಆದರೆ ಪ್ರಾಚೀನ ರೂಪದಲ್ಲಿದ್ದುದು ಊಕಾರವೇ. ದಕ್ಷಿಣದವರ ನಾಲಗೆ ೧೫ನೆಯ ಶತಮಾನದಿಂದೀಚೆಗೆ ಅದನ್ನು ಔಕಾರವಾಗಿ ತಿರುಗಿಸಿತು. ಉತ್ತರದವರ ನಾಲಗೆ ತಿರುಗಿಸಲಿಲ್ಲ. ರಾತ್ರಿ ಎಂಬರ್ಥದ ಶಬ್ದದಲ್ಲಿ ಇಂಗ್ಲೀಷಿನವರು ಇಂದಿಗೂ ಬರೆಯುವ, ಆದರೆ ಉಚ್ಚರಿಸದೆ ಬಿಟ್ಟಿರುವ ಎರಡು ಅಕ್ಷರಗಳ ಧ್ವನಿಯನ್ನು ಹಳೆಯ ಕ್ರಮದ ಸ್ಕಾಟರು ‘ನಿಖ್ಟ್’ ಎಂದು ಇಂದಿಗೂ ನುಡಿಯುತ್ತಾರೆ. ಎಂದರೆ ನಗುವವನು ತನ್ನ ಅಜ್ಜನ ಉಚ್ಚಾರಣೆಯನ್ನು ಕಂಡು ನಗುತ್ತಿದ್ದಾನೆ.

ಎರಡನೆಯದು ಲೋಪಚಿಹ್ನೆಯ ಬರಹ. ೧೮ನೆಯ ಶತಮಾನದಲ್ಲಿ ಅಲನ್ ರ‍್ಯಾಮ್ಸೆಯೂ ಅವನ ಬಳಿಕ ಬರ್ನ್ಸನೂ ಇಂಗ್ಲೀಷ್ ವಾಚಕರ ಅನುಕೂಲಕ್ಕಾಗಿ, ಸ್ಕಾಟ್ಸಿನಲ್ಲಿ ಎಂದೋ ಇಲ್ಲವಾಗಿದ್ದ ಅಕ್ಷರಗಳ ಸ್ಥಾನದಲ್ಲಿ ಒಂದು ಚಿಹ್ನೆಯನ್ನಿಟ್ಟು ಬರೆದರು. ‘ಆಲ್’ ಎಂಬುದು ‘ಆ’ ಎಂದಾದೆಡೆ ಲಕಾರವೊಂದು ಬಿದ್ದುಹೋಗಿದೆಯೆಂದು ಆ ಚಿಹ್ನೆ ಸೂಚಿಸುತ್ತದೆ. ಇದನ್ನು ವಿದ್ವಾಂಸರು ಕ್ಷಮೆ ಬೇಡುವ ಲೋಪಚಿಹ್ನೆಯೆಂದು ಕರೆದಿರುವುದು ಅನ್ವರ್ಥವಾಗಿದೆ. ಸಾಲುಸಾಲಿಗೂ ಅದು ಕೈಮುಗಿದು, ‘ಇಲ್ಲೊಂದು ಅಕ್ಷರವನ್ನು ನುಂಗಿದ್ದೇನೆ, ಮನ್ನಿಸಬೇಕು’ ಎಂದು ಬಿನ್ನವಿಸುತ್ತದೆ. ೧೯೪೭ರಲ್ಲಿ ಎಡಿನ್‌ಬರೊ ನಗರದ ಮೇಕರ್ಸ್ ಕ್ಲಬ್ಬು ಸ್ಕಾಟ್ಸ್ ಬರಹಕ್ಕೆ ನಿಯಮಗಳನ್ನು ಗೊತ್ತುಮಾಡಿದಾಗ ಇಂತಹ ಚಿಹ್ನೆಗಳನ್ನು ಬಿಡಬೇಕೆಂದು ವಿಧಿಸಿತು.

ಮೂರನೆಯದು ನಗರದ ಮಾತನ್ನು ಕಿವಿಗೆ ಬಿದ್ದಂತೆ ಬರೆಯುವುದು. ಇದಕ್ಕೆ ಗ್ಲ್ಯಾಸ್ಗೋ ನಗರವೇ ತವರು. ಅಲ್ಲಿ ‘ಥಿಂಗ್’ ಎಂಬುದು ‘ಹಿಂಗ್’ ಆಗುತ್ತದೆ, ‘ಥಿಂಕ್’ ಎಂಬುದು ‘ಹಿಂಕ್’ ಆಗುತ್ತದೆ. ‘ಬಾಲ್’ ಎಂಬುದು ‘ಬಾ’ ಎಂದಷ್ಟೇ ಉಳಿಯುತ್ತದೆ. ಸ್ವರಗಳ ನಡುವಣ ಟಕಾರವು ಗಂಟಲಿನಲ್ಲಿ ಅಡಗುತ್ತದೆ. ಆಗದು ಎಂಬರ್ಥದಲ್ಲಿ ‘ಕ್ಯಾನೆ’, ಮಾಡಲಿಲ್ಲವೆಂಬರ್ಥದಲ್ಲಿ ‘ಡಿಡ್ನೆ’ ಎಂದು ನಿಷೇಧಪ್ರತ್ಯಯವು ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ.

ನಾಲ್ಕನೆಯದು ಕಣ್ಣಿಗೆ ಮಾತ್ರ ವಿಕಾರವಾದ ಬರಹ. ಉಚ್ಚಾರಣೆಯಲ್ಲಿ ಏನೊಂದು ಭೇದವೂ ಇಲ್ಲದಿದ್ದರೂ ಶಿಷ್ಟ ಕಾಗುಣಿತವನ್ನು ಕೆಡಿಸಿ ಬರೆದು, ಆಡುವವನು ಅವಿದ್ಯಾವಂತನೆಂದು ತೋರಿಸುವ ಹೂಟವಿದು. ೧೯೨೫ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ಜಾರ್ಜ್ ಫಿಲಿಪ್ ಕ್ರ್ಯಾಪ್ ಎಂಬವರು ಇದಕ್ಕೆ ‘ಕಣ್ಣಿನ ಉಪಭಾಷೆ’ ಎಂಬರ್ಥದ ಹೆಸರನ್ನಿಟ್ಟರು. ಇಲ್ಲಿ ಕಿವಿಗೆ ಕೆಲಸವಿಲ್ಲ. ಬರೆದವನೂ ಓದಿದವನೂ ಆಡಿದವನ ಬೆನ್ನ ಹಿಂದೆ ಕಣ್ಣುಸನ್ನೆ ಮಾಡಿಕೊಂಡು ನಗುತ್ತಾರೆ, ಅಷ್ಟೆ.

ಮೊದಲ ಮೂರು ಬಗೆಗಳಲ್ಲಿ ಧ್ವನಿಯೇ ಹಾಸ್ಯಕ್ಕೆ ಸಾಮಗ್ರಿಯಾಗುವುದುಂಟು. ಸ್ಕಾಟ್ಲೆಂಡಿನಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ನಡೆದುಬಂದ ಒಂದು ವಿನೋದವನ್ನು ಉದಾಹರಿಸಬಹುದು. ಗಿರಾಕಿಯೊಬ್ಬನು ಬಟ್ಟೆಯಂಗಡಿಗೆ ಹೋಗಿ ಬಟ್ಟೆಯನ್ನು ಮುಟ್ಟಿ ಅದು ಉಣ್ಣೆಯೇ ಎಂದು ವಿಚಾರಿಸುತ್ತಾನೆ. ಉಣ್ಣೆಗೆ ಅವರ ನುಡಿಯಲ್ಲಿ ‘ಊ’. ಎಲ್ಲ ಎಂಬುದಕ್ಕೆ ‘ಆ’. ಒಂದೇ ಎಂಬುದಕ್ಕೆ ‘ಏ’. ಹೌದು ಎಂಬುದಕ್ಕೆ ‘ಐ’. ‘ಊ?’ ಎಂದು ಗಿರಾಕಿ. ‘ಐ, ಊ’ ಎಂದು ಅಂಗಡಿಯವನು. ‘ಆ ಊ?’ ಎಂದರೆ ಪೂರ್ತಿ ಉಣ್ಣೆಯೋ ಎಂದರ್ಥ. ‘ಐ, ಆ ಊ.’ ಕೊನೆಗೆ ಎಲ್ಲವೂ ಒಂದೇ ಜಾತಿಯ ಉಣ್ಣೆಯೋ ಎಂಬ ಸಂದೇಹ: ‘ಆ ಏ ಊ?’ ‘ಐ, ಆ ಏ ಊ.’ ವ್ಯಾಪಾರ ಮುಗಿಯಿತು. ಒಂದು ವ್ಯಂಜನವೂ ಖರ್ಚಾಗಲಿಲ್ಲ. ಕನ್ನಡ ಲಿಪಿಯಲ್ಲಿ ಇದನ್ನು ಬರೆದರೆ ಮಗುವೊಂದು ಸ್ವರಾಕ್ಷರಗಳನ್ನು ತಿದ್ದಿದಂತೆ ಕಾಣುತ್ತದೆ. ಇಂಗ್ಲೀಷ್ ಲಿಪಿಗಿಂತ ಹೆಚ್ಚಾಗಿ ಇಲ್ಲಿಯೇ ಅದರ ಚಮತ್ಕಾರ ಬೆಳಗುತ್ತದೆಂದರೂ ತಪ್ಪಾಗದು.

ಅಬರ್ಡೀನ್ ಸುತ್ತಣ ಈಶಾನ್ಯ ಭಾಗದ ನುಡಿಯಲ್ಲಿ ಪ್ರಶ್ನಾರ್ಥಕ ಶಬ್ದಗಳ ಮೊದಲ ಧ್ವನಿ ಫಕಾರವಾಗುತ್ತದೆ. ‘ಏನು’, ‘ಯಾವ’ ಎಂಬುದಕ್ಕೆ ಅಲ್ಲಿ ‘ಫಿಟ್’, ಪಾದಕ್ಕೂ ‘ಫಿಟ್’, ಹೊಂದುವುದಕ್ಕಂತೂ ಇಂಗ್ಲೀಷಿನಲ್ಲಿಯೂ ‘ಫಿಟ್’. ಪಾದರಕ್ಷೆಯ ಅಂಗಡಿಯಲ್ಲಿ ಯಾವ ಜೋಡು ಯಾವ ಕಾಲಿಗೆ ಹೊಂದುತ್ತದೆಂದು ಕೇಳಬೇಕಾದವನು ‘ಫಿಟ್ ಫಿಟ್ ಫಿಟ್ಸ್ ಫಿಟ್ ಫಿಟ್’ ಎನ್ನುತ್ತಾನೆಂದು ಆ ಕಡೆಯವರೇ ತಮ್ಮನ್ನು ತಾವು ಹಾಸ್ಯ ಮಾಡಿಕೊಳ್ಳುವರು. ಆಲಂಕಾರಿಕರು ಇದನ್ನು ಯಮಕದ ಉದಾಹರಣೆಗಳ ಸಾಲಿನಲ್ಲಿ ಸೇರಿಸಲು ಹಿಂಜರಿಯಬೇಕಾಗಿಲ್ಲ. ಈ ಎರಡು ವಿನೋದಗಳಲ್ಲಿಯೂ ಗಮನಿಸತಕ್ಕ ಅಂಶವೊಂದಿದೆ. ಆಡುವವರಿಬ್ಬರಿಗೂ ಪರಸ್ಪರ ಅರ್ಥ ಪೂರ್ಣವಾಗಿ ಆಗಿದೆ, ಆಗದವನು ಹೊರಗಿನವನು. ಇವರು ನಗುವುದು ಅವನ ಪೇಚಾಟವನ್ನು ನೆನೆದು.

೩

ಆದರೆ ಬರಹದ ಇತಿಹಾಸದಲ್ಲಿ ಬಹುಕಾಲ ಮೇಲುಗೈಯಾದುದು ಮೇಲಿನಿಂದ ಕೆಳಗೆ ನೋಡುವ ನಗೆ. ಅದರ ತಂತ್ರ ಸರಳವಾದುದು: ಕಥೆ ಹೇಳುವವನು ಶಿಷ್ಟ ಇಂಗ್ಲೀಷಿನಲ್ಲಿ ಹೇಳುತ್ತಾನೆ, ಪಾತ್ರಗಳು ಮಾತ್ರ ಉದ್ಧರಣಚಿಹ್ನೆಗಳ ಬೇಲಿಯೊಳಗೆ ಸ್ಕಾಟ್ಸ್ ನುಡಿಯುತ್ತವೆ. ವಾಚಕನು ಕಥೆಗಾರನೊಡನೆ ಬೇಲಿಯ ಹೊರಗೆ ನಿಂತು ಒಳಗಿನವರನ್ನು ನೋಡುತ್ತಾನೆ. ಸಂಸ್ಕೃತ ನಾಟಕವನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿಯೂ ಅರಸನು ಸಂಸ್ಕೃತವನ್ನೂ ವಿದೂಷಕನು ಪ್ರಾಕೃತವನ್ನೂ ಆಡುತ್ತಾರೆ. ಮೃಚ್ಛಕಟಿಕದ ಶಕಾರನು ಸಕಾರವಿರಬೇಕಾದೆಡೆಯೆಲ್ಲ ಶಕಾರವನ್ನು ನುಡಿದು ತನ್ನ ಹೆಸರನ್ನೇ ಸಾರ್ಥಕಗೊಳಿಸುತ್ತಾನೆ. ಭೇದವೆಂದರೆ, ಶಕಾರನನ್ನು ಕಂಡು ನಗುವವನು ಒಬ್ಬ ದುಷ್ಟನನ್ನು ಕಂಡು ನಗುತ್ತಾನೆ. ೧೯ನೆಯ ಶತಮಾನದ ಲಂಡನ್ನಿನ ಹಾಸ್ಯಪತ್ರಿಕೆಯಾದ ‘ಪಂಚ್’ನಲ್ಲಿ ಜಿಪುಣ ಸ್ಕಾಟನ ಚಿತ್ರವನ್ನು ಕಂಡು ನಕ್ಕವನು ಒಂದು ಜನಾಂಗವನ್ನೇ ಕಂಡು ನಕ್ಕನು.

ಸರ್ ವಾಲ್ಟರ್ ಸ್ಕಾಟನಲ್ಲಿಯೂ ಈ ಬೇಲಿಯುಂಟು. ಆದರೆ ಅವನು ದೊಡ್ಡ ಲೇಖಕನಾದುದರಿಂದ ಅದನ್ನು ತಾನೇ ಎರಡು ಮೂರು ಕಡೆ ಮುರಿದಿದ್ದಾನೆ. ೧೮೧೮ರ ‘ದಿ ಹಾರ್ಟ್ ಆಫ್ ಮಿಡ್ಲೋಥಿಯನ್’ ಕಾದಂಬರಿಯಲ್ಲಿ ಹಳ್ಳಿಯ ಹೆಣ್ಣು ಜೀನೀ ಡೀನ್ಸ್ ತಂಗಿಯ ಪ್ರಾಣಭಿಕ್ಷೆಯನ್ನು ಬೇಡಲು ಲಂಡನ್ನಿನವರೆಗೆ ಹೋಗಿ ರಾಣಿಯ ಎದುರಿನಲ್ಲಿ ತನ್ನ ನುಡಿಯಲ್ಲಿಯೇ ಮಾತನಾಡುತ್ತಾಳೆ. ಅಲ್ಲಿ ಯಾರೂ ನಗುವುದಿಲ್ಲ. ೧೮೨೪ರ ‘ರೆಡ್‌ಗಾಂಟ್ಲೆಟ್’ನಲ್ಲಿ ಕುರುಡ ಪಿಟೀಲುಗಾರನೊಬ್ಬನು ಹೇಳುವ ಕಥೆಯಂತೂ ಆದ್ಯಂತವಾಗಿ ಸ್ಕಾಟ್ಸಿನಲ್ಲಿದೆ; ಅದರಲ್ಲಿ ಹಾಸ್ಯವೂ ಭಯಾನಕವೂ ಬೆರೆತಿವೆ. ಸ್ಕಾಟನ ಬಳಿಕ ಬಂದವರಿಗೆ ಅವನ ಬೇಲಿ ದೊರೆಯಿತು, ಧೈರ್ಯ ದೊರೆಯಲಿಲ್ಲ. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ಯಾರಿ, ಇಯನ್ ಮೆಕ್ಲಾರೆನ್, ಕ್ರಾಕೆಟ್ ಮೊದಲಾದವರ ಕಥೆಗಳಿಗೆ ವಿಮರ್ಶಕರು ‘ಕೇಲ್‌ಯಾರ್ಡ್’ ಎಂದು, ಎಂದರೆ ಕೋಸಿನ ಹಿತ್ತಿಲ ಪಂಥವೆಂದು, ಹೆಸರಿಟ್ಟರು. ಅಲ್ಲಿ ಹಳ್ಳಿಯವರು ಸಾಧುಗಳು, ಭಕ್ತರು, ತುಸು ಪೆದ್ದರು; ಅವರ ನುಡಿ ಮುದ್ದಾದುದು. ಮುದ್ದು ಮಾಡುವುದೂ ಒಂದು ತೆರನಾದ ಅವಮಾನವೇ ಎಂಬುದು ಆ ಕಾಲದ ವಾಚಕರಿಗೆ ತೋರಲಿಲ್ಲ. ಹ್ಯಾರಿ ಲಾಡರನು ಗಿಡ್ಡ ಉಡಿಗೆಯುಟ್ಟು ಡೊಂಕು ಕೋಲು ಹಿಡಿದು ಲೋಕಸಂಚಾರ ಮಾಡಿ ಇದೇ ಮುದ್ದುತನವನ್ನು ರಂಗದ ಮೇಲೆ ಮಾರಿದನು.

ಇವರೆಲ್ಲರಿಗಿಂತ ಹಿಂದಿನವನಾದ ಬರ್ನ್ಸನು ಈ ದೋಷದಿಂದ ಪಾರಾದ ಬಗೆ ಪರಿಶೀಲನಾರ್ಹವಾದುದು. ೧೭೮೬ರ ಅವನ ಮೊದಲ ಸಂಗ್ರಹದ ಹೆಸರೇ ಬಹುಮಟ್ಟಿಗೆ ಸ್ಕಾಟ್ ಉಪಭಾಷೆಯಲ್ಲಿ ರಚಿತವಾದ ಕವಿತೆಗಳೆಂದು ಸಾರುತ್ತದೆ, ಕೊನೆಯಲ್ಲಿ ಅರ್ಥಕೋಶವೊಂದುಂಟು. ಲೋಪಚಿಹ್ನೆಗಳೂ ಹೇರಳವಾಗಿವೆ. ಆದರೂ ಅವನಲ್ಲಿ ನಗೆ ಸ್ಕಾಟ್ಸಿನ ಮೇಲೆ ಬೀಳುವುದಿಲ್ಲ. ‘ಹೋಲಿ ವಿಲೀಸ್ ಪ್ರೇಯರ್’ ಎಂಬ ಕವಿತೆಯಲ್ಲಿ ಡಾಂಭಿಕ ಭಕ್ತನೊಬ್ಬನು ದೇವರೊಡನೆ ಬೈಬಲ್ಲಿನ ಗಂಭೀರ ಇಂಗ್ಲೀಷಿನಲ್ಲಿ ತೊಡಗಿ, ತನ್ನ ತಪ್ಪುಗಳ ವಿಷಯ ಬಂದಾಗ ಮನೆಮಾತಿಗೆ ಜಾರುತ್ತಾನೆ. ನಗೆ ಹುಟ್ಟುವುದು ಆ ಜಾರುವಿಕೆಯಲ್ಲಿ. ಬಯಲಾಗುವುದು ಅವನ ಡಂಭ. ‘ಟ್ಯಾಮ್ ಓ ಶಾಂಟರ್’ನಲ್ಲಿ ಕುಡುಕನ ಕಥೆಯ ನಡುವೆ ಕವಿ ಒಮ್ಮೆಲೆ ಉನ್ನತ ಇಂಗ್ಲೀಷಿಗೆ ಏರಿ ಸುಖದ ನಶ್ವರತೆಯನ್ನು ಉಪದೇಶಿಸಿ ಮತ್ತೆ ಕೆಳಗಿಳಿಯುತ್ತಾನೆ. ಇಲ್ಲಿ ಇಂಗ್ಲೀಷೇ ವೇಷ, ಸ್ಕಾಟ್ಸೇ ಮುಖ. ಎರಡು ನುಡಿಗಳನ್ನು ಸಮಾನವಾಗಿ ಆಳಬಲ್ಲವನು ಮಾತ್ರ ಈ ಆಟವನ್ನು ಆಡಬಲ್ಲನು.

೪

೨೦ನೆಯ ಶತಮಾನದಲ್ಲಿ ಹ್ಯೂ ಮೆಕ್‌ಡಯರ್ಮಿಡ್ ಮತ್ತು ಆತನ ಸಂಗಡಿಗರು ಹಳೆಯ ಕೋಶಗಳಿಂದಲೂ ನಾನಾ ಪ್ರಾಂತಗಳಿಂದಲೂ ಶಬ್ದಗಳನ್ನು ಕೂಡಿಸಿ ಸ್ಕಾಟ್ಸಿಗೆ ಪುನಃ ಗಾಂಭೀರ್ಯವನ್ನು ತಂದುಕೊಟ್ಟರು. ಆದರೆ ಈ ಉದ್ಧಾರದಲ್ಲಿ ಗ್ಲ್ಯಾಸ್ಗೋ ಬೀದಿಯ ಮಾತಿಗೆ ಪಾಲು ದೊರೆಯಲಿಲ್ಲ. ಹಳ್ಳಿಯ ಸ್ಕಾಟ್ಸ್ ಶುದ್ಧ, ನಗರದ ಕೂಲಿಗಾರರದು ಕೊಳಕು ಎಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿತ್ತು. ಸ್ಕಾಟ್ಸ್ ಕೋಶಕಾರರಲ್ಲಿ ಅಗ್ರಗಣ್ಯರಾದ ಎ. ಜೆ. ಏಟ್ಕೆನ್ ಅವರು ೧೯೮೨ರ ಪ್ರಬಂಧವೊಂದರಲ್ಲಿ ಇದನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿ ಖಂಡಿಸಿದರು. ಒಂದೇ ನುಡಿಯನ್ನು ಹೊಲದಲ್ಲಿ ಆಡಿದರೆ ಭಾಷೆ, ಹಡಗುಕಟ್ಟೆಯಲ್ಲಿ ಆಡಿದರೆ ಪೋಲಿಮಾತು ಎನ್ನುವುದು ಭಾಷಾಶಾಸ್ತ್ರವಲ್ಲ, ಜಾತಿಭೇದ.

೧೯೬೧ರಲ್ಲಿ ಇಯನ್ ಹ್ಯಾಮಿಲ್ಟನ್ ಫಿನ್ಲೆಯವರು ಗ್ಲ್ಯಾಸ್ಗೋ ಉಚ್ಚಾರಣೆಯಲ್ಲಿಯೇ ಪ್ರಾಣಿಪಕ್ಷಿಗಳನ್ನು ಕುರಿತ ಪುಟ್ಟ ಕವಿತೆಗಳನ್ನು ಪ್ರಕಟಿಸಿದರು. ೧೯೬೯ರಲ್ಲಿ ಟಾಮ್ ಲೆನರ್ಡ್ ಅವರ ‘ಸಿಕ್ಸ್ ಗ್ಲ್ಯಾಸ್ಗೋ ಪೊಯೆಮ್ಸ್’ ಹೊರಬಂದಿತು. ಲೆನರ್ಡರು (೧೯೪೪–೨೦೧೮) ಶಬ್ದಗಳ ನಡುವಣ ತೆರಪುಗಳನ್ನೂ ಲೆಕ್ಕಿಸದೆ ನಾಲಗೆಯಲ್ಲಿ ಕೂಡಿದುದನ್ನು ಕಾಗದದಲ್ಲಿಯೂ ಕೂಡಿಸಿ ಬರೆದರು. ಮೊದಲ ಓದಿಗೆ ಅದು ಅಕ್ಷರಗಳ ರಾಶಿ. ಗಟ್ಟಿಯಾಗಿ ಓದಿದರೆ ಒಬ್ಬ ಮನುಷ್ಯ. ೧೯೭೬ರ ಅವರ ಪದ್ಯಮಾಲೆಯೊಂದರಲ್ಲಿ ಆರು ಗಂಟೆಯ ಸುದ್ದಿಯನ್ನು ಓದುವವನು, ಸುದ್ದಿಯನ್ನು ಸಾಮಾನ್ಯರ ಉಚ್ಚಾರಣೆಯಲ್ಲಿ ಓದಿದರೆ ಜನ ಅದನ್ನು ಸತ್ಯವೆಂದು ನಂಬಲಾರರೆಂದು ವಿವರಿಸುತ್ತಾನೆ. ಆದರೆ ಆ ವಿವರಣೆಯೆಲ್ಲ ಅಂತಹ ಸಾಮಾನ್ಯ ಗ್ಲ್ಯಾಸ್ಗೋ ಉಚ್ಚಾರಣೆಯಲ್ಲಿಯೇ ಬರೆಯಲ್ಪಟ್ಟಿದೆ. ಸತ್ಯಕ್ಕೆ ಒಂದು ಉಚ್ಚಾರಣೆಯುಂಟೆಂಬ ವಾದವು ತನ್ನ ಬಾಯಿಂದಲೇ ತನ್ನನ್ನು ಖಂಡಿಸಿಕೊಳ್ಳುತ್ತದೆ. ಬರ್ನ್ಸನ ಡಾಂಭಿಕ ಭಕ್ತನ ವಂಶದವನೇ ಈ ಸುದ್ದಿಗಾರ. ಲೆನರ್ಡರ ಕವಿತೆಗಳನ್ನೊಳಗೊಂಡ ೧೯೮೪ರ ಸಂಗ್ರಹವನ್ನು ಸ್ಕಾಟ್ಲೆಂಡಿನ ಒಂದು ಪ್ರಾಂತದ ಶಾಲಾ ಪುಸ್ತಕಭಂಡಾರಗಳಿಂದ ದೂರವಿಡಲಾಯಿತು. ಅದೇ ಸುದ್ದಿಯ ಕವಿತೆ ಮುಂದೆ ಇಂಗ್ಲೆಂಡಿನ ಶಾಲೆಗಳಲ್ಲಿ ಪರೀಕ್ಷೆಯ ಪಠ್ಯವಾಯಿತು, ಅದೂ ಬೇರೆ ಸಂಸ್ಕೃತಿಗಳ ಕವಿತೆಗಳೆಂಬ ವಿಭಾಗದಲ್ಲಿ. ಕವಿಯ ವ್ಯಂಗ್ಯಕ್ಕೆ ಅಧಿಕಾರಿಗಳು ಬರೆದ ವ್ಯಾಖ್ಯಾನದಂತಿದೆ ಈ ವೃತ್ತಾಂತ.

ಜೇಮ್ಸ್ ಕೆಲ್ಮನ್ನರು ಉದ್ಧರಣಚಿಹ್ನೆಯ ಬೇಲಿಯನ್ನೇ ಕಿತ್ತೆಸೆದರು. ೧೯೯೪ರಲ್ಲಿ ಬೂಕರ್ ಬಹುಮಾನ ಪಡೆದ ‘ಹೌ ಲೇಟ್ ಇಟ್ ವಾಸ್, ಹೌ ಲೇಟ್’ ಕಾದಂಬರಿಯಲ್ಲಿ ಕಥನವೂ ಸಂಭಾಷಣೆಯೂ ಒಂದೇ ನಗರದ ಒಂದೇ ನುಡಿ. ತೀರ್ಪುಗಾರರಲ್ಲೊಬ್ಬರು ಆ ಆಯ್ಕೆಯನ್ನು ಬಹಿರಂಗವಾಗಿ ವಿರೋಧಿಸಿದರು. ಬಹುಮಾನ ಸ್ವೀಕರಿಸುವಾಗ ಕೆಲ್ಮನ್ನರು ತಮ್ಮ ಸಂಸ್ಕೃತಿಗೂ ಭಾಷೆಗೂ ಬಾಳುವ ಹಕ್ಕುಂಟೆಂದು ವಾದಿಸಿದರು. ಅದರ ಹಿಂದಿನ ವರ್ಷ, ೧೯೯೩ರಲ್ಲಿ, ಅರ್ವಿನ್ ವೆಲ್ಷರ ‘ಟ್ರೇನ್‌ಸ್ಪಾಟಿಂಗ್’ ಎಡಿನ್‌ಬರೊ ನಗರದ ಲೀತ್ ಭಾಗದ ಮಾತನ್ನು ಹಲವು ಕಥಕರ ಬಾಯಲ್ಲಿ ಬೇರೆಬೇರೆಯಾಗಿ ಕೇಳಿಸಿತ್ತು.

ಇದೇ ಕಾಲದಲ್ಲಿ ವಿನೋದಗಾರರೂ ಸುಮ್ಮನಿರಲಿಲ್ಲ. ೧೯೬೦ರ ದಶಕದಲ್ಲಿ ಸ್ಟ್ಯಾನ್ಲಿ ಬ್ಯಾಕ್ಸ್ಟರರು ‘ಪಾರ್ಲಿಯಾಮೊ ಗ್ಲ್ಯಾಸ್ಗೋ’ ಎಂಬ ಪ್ರಹಸನಗಳಲ್ಲಿ ವಿದೇಶೀಭಾಷೆಯನ್ನು ಕಲಿಸುವ ಪಂಡಿತರ ಠೀವಿಯಿಂದ ಗ್ಲ್ಯಾಸ್ಗೋ ಮಾತುಗಳನ್ನು ಹಲಗೆಯ ಮೇಲೆ ಬರೆದು ಪದವಿಭಾಗ ಮಾಡಿ ತೋರಿಸಿದರು. ಸಂಧಿ ಬಿಡಿಸುವ ಉಪಾಧ್ಯಾಯರ ಗಾಂಭೀರ್ಯವೂ ಸಂತೆಯ ಜಗಳದ ಮಾತೂ ಎದುರುಬದುರಾದುದೇ ಅಲ್ಲಿಯ ಹಾಸ್ಯ. ಅಲ್ಲಿ ನಗೆಗೀಡಾಗುವವರು ಬೀದಿಯವರೋ ಪಂಡಿತರೋ ಎಂಬುದು ಪ್ರೇಕ್ಷಕನು ಕುಳಿತ ಸ್ಥಾನವನ್ನು ಅವಲಂಬಿಸಿದೆ. ೧೯೮೫ರಲ್ಲಿ ಮೈಕೇಲ್ ಮನ್ರೊ ಅವರು ಗ್ಲ್ಯಾಸ್ಗೋ ಮಾತಿನ ಕೋಶವನ್ನು ‘ದಿ ಪ್ಯಾಟರ್’ ಎಂಬ ಹೆಸರಿನಿಂದ ಪ್ರಕಟಿಸಿದಾಗ ವಿನೋದವೂ ಕೋಶಕಾರ್ಯವೂ ಒಂದಾದುವು.

೫

ಜನರು ಪರಸ್ಪರ ಬರೆಯುವ ಕಾಗದಗಳಿಗೆ ಹಿಂದೆ ಶಾಲೆಯ ಕಾಗುಣಿತವೇ ಕಟ್ಟಳೆಯಾಗಿತ್ತು. ಕೈಯಂತ್ರಗಳಿಂದ ಕ್ಷಣಕ್ಷಣಕ್ಕೂ ಬರೆದುಕೊಳ್ಳುವ ಪದ್ಧತಿ ಬಂದ ಮೇಲೆ ಮಾತಾಡುವುದಕ್ಕೂ ಬರೆಯುವುದಕ್ಕೂ ನಡುವಣ ಗೋಡೆ ತೆಳುವಾಯಿತು. ೨೧ನೆಯ ಶತಮಾನದ ಎರಡನೆಯ ದಶಕದಲ್ಲಿ ಸ್ಕಾಟ್ಲೆಂಡಿನ ಯುವಜನರು ಹೀಗೆ ಬರೆದ ಎರಡು ಮೂರು ಸಾಲುಗಳ ವಿನೋದಗಳು ದೇಶದ ಹೊರಗೂ ಹರಡಿ ಒಂದು ಪ್ರಕಾರವೆಂಬಷ್ಟು ಪ್ರಸಿದ್ಧವಾದುವು. ಅವುಗಳ ವಸ್ತು ಅಲ್ಪ: ಬಸ್ಸು ತಪ್ಪಿದುದು, ತಾಯಿ ಬೈದುದು, ಕಡಲಹಕ್ಕಿ ಕೈಯಲ್ಲಿದ್ದ ತಿಂಡಿಯನ್ನು ಕಸಿದೊಯ್ದುದು. ಅವುಗಳ ಧೋರಣೆಯಾದರೋ ಮಹಾಕಾವ್ಯದ್ದು. ಲೋಕವೇ ತನ್ನ ಮೇಲೆ ದಂಡೆತ್ತಿ ಬಂದಿತೆಂಬಂತೆ ಬರೆಯುವವನು ಗೋಳಿಡುತ್ತಾನೆ. ಆ ಗೋಳು ‘ಹಿಂಗ್’, ‘ಕ್ಯಾನೆ’, ‘ಆ’ಗಳ ಕಾಗುಣಿತದಲ್ಲಿ ಬಂದು ವಾಚಕನನ್ನು ಬರೆದವನ ಪಕ್ಕದಲ್ಲಿಯೇ ಕೂರಿಸುತ್ತದೆ. ಸ್ಕಾಟ್ಸಿನ ಶಬ್ದಸಂಪತ್ತು ಇದಕ್ಕೆ ಒದಗಿದೆ. ಬೆಪ್ಪನ ಮುಖಭಾವಕ್ಕೆ ‘ಗ್ಲೇಕಿಟ್’, ಸಿಡುಕಿಗೆ ‘ಕ್ರ್ಯಾಬಿಟ್’, ಮೋಡ ಮುಸುಕಿ ಜಿನುಗುವ ದಿನಕ್ಕೆ ‘ಡ್ರೀಖ್’ ಎಂಬ ಶಬ್ದಗಳಿರುವಾಗ ಇಂಗ್ಲೀಷಿನ ಪರ್ಯಾಯಗಳು ಸಪ್ಪೆಯಾಗುತ್ತವೆ. ಹೌದು ಎಂಬರ್ಥದ ಎರಡು ಶಬ್ದಗಳನ್ನು ಕೂಡಿಸಿ ‘ಐ, ರೈಟ್’ ಎಂದರೆ ‘ಎಂದಿಗೂ ಇಲ್ಲ, ನಂಬಲಾರೆ’ ಎಂದಾಗುತ್ತದೆ. ಗ್ಲ್ಯಾಸ್ಗೋ ನಗರದ ಪುಸ್ತಕೋತ್ಸವವು ೨೦೦೫ರಿಂದ ಇದನ್ನೇ ‘ನಾನು ಬರೆಯುತ್ತೇನೆ’ ಎಂಬರ್ಥಕ್ಕೂ ಹೊಂದುವಂತೆ ಶ್ಲೇಷೆಯಾಗಿ ತನ್ನ ಹೆಸರಿನಲ್ಲಿ ಇಟ್ಟುಕೊಂಡಿತು.

ಇಂತಹ ಬರಹ ಅರಿವಿಲ್ಲದೆ ಬಂದ ತಪ್ಪುಗಳ ಮೊತ್ತವೆಂದು ತಿಳಿಯುವುದು ಸಲ್ಲದು. ಎಡಿನ್‌ಬರೊ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೪ರ ಸ್ವಾತಂತ್ರ್ಯದ ಜನಮತಗಣನೆಯ ಕಾಲದ ಇಂತಹ ಬರಹಗಳನ್ನು ಪರಿಶೀಲಿಸಿ ೨೦೧೭ರಲ್ಲಿ ತಮ್ಮ ಫಲಿತಗಳನ್ನು ಪ್ರಕಟಿಸಿದರು. ಸ್ವಾತಂತ್ರ್ಯದ ಪರವಾಗಿದ್ದವರು ವಿರೋಧಿಗಳಿಗಿಂತ ಹೆಚ್ಚಾಗಿ ಸ್ಕಾಟ್ ರೂಪಗಳನ್ನು ಬಳಸಿದ್ದರು. ಆದರೆ ಚರ್ಚೆಯ ಗುರುತುಪಟ್ಟಿಯನ್ನು ಹಚ್ಚಿ ವಿಶಾಲವಾದ ಸಭೆಗೆ ಬರೆದಾಗ ಎಲ್ಲರ ಬಳಕೆಯೂ ತಗ್ಗಿತ್ತು. ಎಂದರೆ ಬರೆಯುವವನಿಗೆ ಎರಡು ಕಾಗುಣಿತಗಳೂ ಗೊತ್ತು. ಎದುರಿನವರು ಯಾರೆಂದು ನೋಡಿ ಅವನು ಆರಿಸಿಕೊಳ್ಳುತ್ತಾನೆ. ಆಯ್ಕೆಯಿರುವೆಡೆ ಶೈಲಿಯುಂಟು, ಶೈಲಿಯಿರುವೆಡೆ ವಿಮರ್ಶೆಗೆ ಎಡೆಯುಂಟು.

ಇದಕ್ಕೆ ವ್ಯತಿರೇಕವಾದ ಪ್ರಸಂಗವೊಂದು ೨೦೨೦ರಲ್ಲಿ ಬಯಲಿಗೆ ಬಂದಿತು. ಸಾರ್ವಜನಿಕ ವಿಶ್ವಕೋಶವಾದ ವಿಕಿಪೀಡಿಯದ ಸ್ಕಾಟ್ಸ್ ಆವೃತ್ತಿಯಲ್ಲಿ ಸಾವಿರಾರು ಲೇಖನಗಳು ಆ ನುಡಿಯನ್ನು ಆಡದ ಅಮೆರಿಕದ ಹುಡುಗನೊಬ್ಬನಿಂದ ಬರೆಯಲ್ಪಟ್ಟಿದ್ದುವೆಂದು ತಿಳಿದುಬಂದಿತು. ಇಂಗ್ಲೀಷ್ ವಾಕ್ಯರಚನೆಯನ್ನು ಹಾಗೆಯೇ ಇರಿಸಿ ಶಬ್ದಗಳ ಕಾಗುಣಿತವನ್ನು ಸ್ಕಾಟ್ಸಿನಂತೆ ತಿರುಚಿದರೆ ಆಯಿತೆಂದು ಅವನು ಸದುದ್ದೇಶದಿಂದಲೇ ಭಾವಿಸಿದ್ದಂತೆ ತೋರುತ್ತದೆ. ಆತಂಕದ ಸಂಗತಿ ಅದಲ್ಲ. ವರ್ಷಗಟ್ಟಲೆ ಅದನ್ನು ಕಂಡ ಹೊರಗಿನವರು, ಸ್ಕಾಟ್ಸ್ ಎಂದರೆ ತಿರುಚಿದ ಇಂಗ್ಲೀಷೇ ಎಂದು ನಂಬಿ ನಕ್ಕು ಮುಂದೆ ಹೋಗಿದ್ದರು. ಕಣ್ಣಿನ ಉಪಭಾಷೆಯು ಒಂದು ಭಾಷೆಯ ಸ್ಥಾನವನ್ನೇ ಆಕ್ರಮಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಆಡುವ ಬಾಯಿಯಿಲ್ಲದ ಕಾಗುಣಿತ ವೇಷ ಮಾತ್ರ.

ಇಷ್ಟಾದರೂ ಸ್ಕಾಟರು ತಮ್ಮ ಪಾಡನ್ನು ಕುರಿತು ನಗುವುದನ್ನು ಬಿಟ್ಟಿಲ್ಲ. ‘ಬರ್ನಿಸ್ಟೌನ್’ ಎಂಬ ದೂರದರ್ಶನ ಪ್ರಹಸನಮಾಲೆಯ ೨೦೧೦ರ ಸಂಚಿಕೆಯೊಂದರಲ್ಲಿ ಇಬ್ಬರು ಸ್ಕಾಟರು ಮಾತಿನಿಂದಲೇ ನಡೆಯುವ ಮೇಲೇರುಯಂತ್ರದೊಳಗೆ ಸಿಕ್ಕಿಕೊಳ್ಳುತ್ತಾರೆ. ಹನ್ನೊಂದನೆಯ ಅಂತಸ್ತೆಂದು ಎಷ್ಟು ಸಲ ಹೇಳಿದರೂ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಹ್ಯೂಮನ ಪಟ್ಟಿ ಬರಹಗಾರರನ್ನು ತಿದ್ದಲೆಳಸಿತು. ಲೆನರ್ಡರ ಸುದ್ದಿಗಾರ ಕೇಳುವವರನ್ನು ಸಂದೇಹಿಸಿದನು. ಈಗ ಬಾಗಿಲು ತೆರೆಯಬೇಕಾದ ಯಂ‍ತ್ರವೇ ಉಚ್ಚಾರಣೆಯ ಪರೀಕ್ಷೆ ನಡೆಸುತ್ತದೆ.

೬

ಕನ್ನಡ ವಿದ್ವಾಂಸರಿಗೆ ಈ ವಿಷಯದಲ್ಲಿ ಪರೋಕ್ಷವಾದ ಆಸಕ್ತಿ ಮಾತ್ರವಲ್ಲದೆ ನೇರವಾದ ಸಂಬಂಧವೂ ಉಂಟು. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಬರ್ನ್ಸನ ‘ಡಂಕನ್ ಗ್ರೇ’ಯನ್ನು ‘ಮಾದ ಮಾದಿ’ಯಾಗಿಸಿದರು. ಪ್ರಣಯದ ವಿನೋದವನ್ನು ಕನ್ನಡದ ಹಳ್ಳಿಗೆ ತಂದು, ಹೆಸರುಗಳನ್ನೂ ಅಲ್ಲಿಯವೇ ಆಗಿಸಿದುದರಿಂದ ಮೂಲದ ಗುಟ್ಟು ಅವರಿಗೆ ಹೊಳೆದಿದ್ದಿತೆಂದು ತಿಳಿಯುತ್ತದೆ. ಸ್ಕಾಟ್ಸನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದ್ದರೆ ಅರ್ಥ ಉಳಿದು ಮನುಷ್ಯರು ಅಳಿಯುತ್ತಿದ್ದರು.

ಆದರೆ ಇಂತಹ ಭಾಷಾಂತರಕ್ಕೆ ಕನ್ನಡದ ಲಿಪಿಯೇ ಒಂದು ಮಿತಿಯನ್ನು ಹಾಕುತ್ತದೆ. ಇಂಗ್ಲೀಷಿನಲ್ಲಿ ಒಂದೇ ಧ್ವನಿಯನ್ನು ನಾಲ್ಕು ಬಗೆಯಾಗಿ ಬರೆಯಬಹುದಾದುದರಿಂದ ಕಣ್ಣಿನ ಉಪಭಾಷೆ ಸಾಧ್ಯವಾಯಿತು. ಕನ್ನಡದಲ್ಲಿ ಬಹುಮಟ್ಟಿಗೆ ಅಕ್ಷರಕ್ಕೊಂದು ಧ್ವನಿ, ಧ್ವನಿಗೊಂದು ಅಕ್ಷರ. ಆದುದರಿಂದ ಧ್ವನಿಯನ್ನು ಬದಲಿಸದೆ ಕಾಗುಣಿತವನ್ನು ಮಾತ್ರ ಕೆಡಿಸಿ ನಗಿಸುವ ಉಪಾಯ ಇಲ್ಲಿ ನಡೆಯುವಂತಿಲ್ಲ. ಇದು ಒಂದು ಕೊರತೆಯಲ್ಲ. ಕೀಳಾದ ಬಗೆಯೊಂದರಿಂದ ಲಿಪಿಯೇ ಲೇಖಕನನ್ನು ಕಾಪಾಡಿದೆ. ಕನ್ನಡದಲ್ಲಿ ಹಾಸ್ಯಕ್ಕೆ ಎಡೆಯಾದುದು ಗ್ರಾಂಥಿಕಕ್ಕೂ ಆಡುಮಾತಿಗೂ ನಡುವಣ ಅಂತರ. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಇದರ ಶ್ರೇಷ್ಠ ನಿದರ್ಶನ. ಹಕಾರವು ಬಿದ್ದು ‘ಹೆಂಡ’ವು ‘ಯೆಂಡ’ವಾದೊಡನೆ ವಾಚಕನು ನಗುತ್ತಾನೆ, ಮುಂದೆ ಅದೇ ನಾಲಗೆ ನಾಡನ್ನೂ ನುಡಿಯನ್ನೂ ಹೆಂಡತಿಯನ್ನೂ ಕುರಿತು ಹೇಳಿದುದನ್ನು ಕೇಳಿ ನಕ್ಕುದಕ್ಕೆ ನಾಚುತ್ತಾನೆ. ಬೇಲಿಯಿಲ್ಲದೆ, ಲೋಪಚಿಹ್ನೆಯಿಲ್ಲದೆ, ಶಿಷ್ಟನಾದ ಕಥೆಗಾರನ ಮಧ್ಯಸ್ಥಿಕೆಯಿಲ್ಲದೆ ಆ ಕುಡುಕನು ತಾನೇ ಮಾತನಾಡುತ್ತಾನೆ. ಲೆನರ್ಡರ ಗ್ಲ್ಯಾಸ್ಗೋ ಕವಿತೆಗಳಿಗಿಂತ ದಶಕಗಳಷ್ಟು ಮುಂಚೆಯೇ ಕನ್ನಡದಲ್ಲಿ ಈ ಕಾರ್ಯ ನಡೆದಿತ್ತೆಂಬುದು ಸ್ಮರಣೀಯ.

೭

ಮೇಲಿನ ವಿಚಾರದಿಂದ ಒಂದು ಒರೆಗಲ್ಲು ದೊರೆಯುತ್ತದೆ. ಆಡುನುಡಿಯನ್ನು ಬರೆದು ನಗಿಸುವ ಕೃತಿಯ ಮುಂದೆ ವಿಮರ್ಶಕನು ಮೂರು ಪ್ರಶ್ನೆಗಳನ್ನು ಇಡಬಹುದು. ಕಾಗುಣಿತದ ಹಿಂದೆ ನಿಜವಾದ ಧ್ವನಿಯುಂಟೇ, ಇಲ್ಲವೇ ಕಣ್ಣಿಗೆ ಮಾತ್ರ ವಿಕಾರವೇ? ಕಥೆ ಹೇಳುವವನು ಆ ನುಡಿಯ ಒಳಗಿರುವನೇ, ಬೇಲಿಯ ಹೊರಗೆ ನಿಂತಿರುವನೇ? ಆ ನುಡಿಯನ್ನು ಆಡುವವರ ನಡುವೆ ಓದಿದರೆ ಅವರೂ ನಗುವರೇ? ಮೂರನೆಯ ಪ್ರಶ್ನೆಯೇ ಕಠಿನವಾದುದು. ‘ಆ ಏ ಊ’ ಅದರಲ್ಲಿ ಗೆಲ್ಲುತ್ತದೆ. ಬರ್ನ್ಸನೂ ಲೆನರ್ಡರೂ ಗೆಲ್ಲುತ್ತಾರೆ. ‘ಪಂಚ್’ನ ಜಿಪುಣನು ಸೋಲುತ್ತಾನೆ. ಕೇಲ್‌ಯಾರ್ಡಿನ ಕಥೆಗಳನ್ನು ಸ್ಕಾಟ್ಲೆಂಡಿನವರೂ ಆಸೆಯಿಂದ ಓದಿದರಾದುದರಿಂದ ಅವುಗಳ ವಿಷಯದಲ್ಲಿ ತೀರ್ಪು ಅಷ್ಟು ಸರಳವಲ್ಲ. ತನ್ನನ್ನು ಮುದ್ದು ಮಾಡಿದವನನ್ನು ಮೆಚ್ಚದವರು ಯಾರು? ಅಂತಹ ಎಡೆಯಲ್ಲಿ ಮೊದಲ ಎರಡು ಪ್ರಶ್ನೆಗಳು ನೆರವಾಗುತ್ತವೆ.

ಒಂದು ಆಕ್ಷೇಪವನ್ನು ಪರಿಹರಿಸಬೇಕಾಗಿದೆ. ಪ್ರತಿಯೊಬ್ಬನೂ ತನ್ನ ಬೀದಿಯ ಉಚ್ಚಾರಣೆಯನ್ನು ತನಗೆ ತೋರಿದಂತೆ ಬರೆದರೆ ಸ್ಕಾಟ್ಸಿಗೆ ಏಕರೂಪವಾದ ಬರಹ ಎಂದಿಗೂ ಏರ್ಪಡದು, ಏಕರೂಪವಿಲ್ಲದ ನುಡಿಗೆ ಗೌರವ ಬಾರದು ಎಂದು ಕೆಲವರು ಹೇಳುತ್ತಾರೆ. ವಾದದಲ್ಲಿ ಸತ್ತ್ವವಿಲ್ಲದಿಲ್ಲ. ೨೦೨೨ರ ಜನಗಣತಿಯಲ್ಲಿ ೧೫ ಲಕ್ಷಕ್ಕೂ ಮಿಕ್ಕ ಜನರು ತಾವು ಸ್ಕಾಟ್ಸ್ ಆಡಬಲ್ಲೆವೆಂದು ತಿಳಿಸಿದರು; ೨೦೨೫ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಅಂಗೀಕರಿಸಿದ ಶಾಸನವು ಗೇಲಿಕ್ಕಿನೊಡನೆ ಸ್ಕಾಟ್ಸಿಗೂ ಅಧಿಕೃತಸ್ಥಾನವನ್ನು ಕೊಟ್ಟಿತು. ಶಾಲೆಗೂ ಕಚೇರಿಗೂ ಗೊತ್ತಾದ ಬರಹ ಬೇಕಾಗುವುದು ಸಹಜ. ಆದರೆ ಏಕರೂಪದ ಬರಹಕ್ಕಿಂತ ಮುಂಚೆ ಬರೆಯುವ ಎದೆಗಾರಿಕೆ ಹುಟ್ಟಬೇಕು. ದೋಷಗಳ ಪಟ್ಟಿಯನ್ನು ಓದಿ ಬೆಳೆದ ಜನಕ್ಕೆ ಆ ಎದೆಗಾರಿಕೆಯನ್ನು ಕೊಟ್ಟುದು ವ್ಯಾಕರಣವಲ್ಲ, ನಗೆ. ಒಂದು ನುಡಿ ತನ್ನನ್ನು ಕುರಿತು ತಾನೇ ನಗಬಲ್ಲುದಾದರೆ ಅದು ಬದುಕಿದೆಯೆಂದೂ, ತನ್ನ ಮೇಲೆ ತನಗೆ ನಂಬಿಕೆಯುಂಟೆಂದೂ ತಿಳಿಯಬಹುದು. ವಿಮರ್ಶಕನ ಕೆಲಸ ಆ ನಗೆಯನ್ನು ಬೇಲಿಯಾಚೆಯ ನಗೆಯೊಡನೆ ಬೆರೆಸದೆ ಬೇರೆಯಾಗಿ ಗುರುತಿಸುವುದು.